ಗಾಣ ತಿರುಗುವ ಮೊದಲಿನ ಖರ್ಚು ತೆರಿಗೆ ಲೆಕ್ಕಕ್ಕೆ ಬರುತ್ತದೆಯೇ?

ಪ್ರಶ್ನೆ: ತಿಪಟೂರಿನಲ್ಲಿ ಕೊಬ್ಬರಿ ಎಣ್ಣೆಯ ಮರದ ಗಾಣವೊಂದನ್ನು ನನ್ನ ಹೆಸರಿನಲ್ಲೇ ಆರಂಭಿಸಿದ್ದೇನೆ. 2025ರ ಜುಲೈ 1ರಿಂದ ಮಳಿಗೆಗೆ ತಿಂಗಳಿಗೆ 8,000 ರೂಪಾಯಿ ಬಾಡಿಗೆ ಕಟ್ಟುತ್ತಿದ್ದೇನೆ. 1 ಲಕ್ಷ ರೂಪಾಯಿ ಅಡ್ವಾನ್ಸ್ ಕೊಟ್ಟಿದ್ದೇನೆ. ಗಾಣಕ್ಕೆ 3,38,000, ಸಾಗಣೆ ಮತ್ತು ಜೋಡಣೆಗೆ 14,000, ಕಪಾಟು ಮೇಜುಗಳಿಗೆ 40,000, ಕಂಪ್ಯೂಟರಿಗೆ 45,000, ಬ್ಯಾಂಕ್ ಸಾಲಕ್ಕಾಗಿ ಮಾಡಿಸಿದ ಯೋಜನಾ ವರದಿಗೆ 12,000 ರೂಪಾಯಿ ಖರ್ಚಾಗಿದೆ. ಗಾಣ ಓಡುವ ಮೊದಲೇ ಸಾಲದ ಬಡ್ಡಿಯಾಗಿ 8,000 ರೂಪಾಯಿ ಕಟ್ಟಿದ್ದೇನೆ. ಅಕ್ಟೋಬರ್ 10ರಂದು ಗಾಣ ಕೂರಿಸಿ ಮೊದಲ ಸಲ ಎಣ್ಣೆ ತೆಗೆದು ನೋಡಿದೆವು. ಮಾರಾಟ ಶುರುವಾದದ್ದು ಬಲಿಪಾಡ್ಯಮಿಯ ದಿನ, ಅಕ್ಟೋಬರ್ 22ರಂದು. ಅಂಗಡಿ ತೆರೆಯುವ ಮೊದಲಿನ ಯಾವ ಖರ್ಚೂ ತೆರಿಗೆ ಲೆಕ್ಕಕ್ಕೆ ಬಾರದು ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಇದು ನಿಜವೇ?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ಪರಿಚಿತರ ಮಾತು ಪೂರ್ತಿ ಸರಿಯಲ್ಲ. ನಿಮ್ಮ ಖರ್ಚುಗಳು 2025–26ನೇ ಆರ್ಥಿಕ ವರ್ಷದವು. ಅವುಗಳಿಗೆ 1961ರ ಆದಾಯ ತೆರಿಗೆ ಕಾಯ್ದೆಯೇ ಅನ್ವಯಿಸುತ್ತದೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಯಾಗಿ ಸೆಕ್ಷನ್‌ಗಳ ಸಂಖ್ಯೆ ಬದಲಾಗಿರುವುದರಿಂದ, ಮುಂದಿನ ವರ್ಷದ ಲೆಕ್ಕಕ್ಕೆ ಕೆಳಗಿನ ಸಂಖ್ಯೆಗಳನ್ನು ಹಾಗೆಯೇ ಬಳಸಬೇಡಿ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ದಿನಾಂಕ. ಹೊಸ ವ್ಯಾಪಾರದ ತೆರಿಗೆ ಲೆಕ್ಕ ಆರಂಭವಾಗುವುದು ಮೊದಲ ಗಿರಾಕಿ ಬಂದ ದಿನದಿಂದಲ್ಲ, ವ್ಯಾಪಾರ ಸಿದ್ಧಗೊಂಡ ದಿನದಿಂದ ಎಂದು ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ. ಸಿದ್ಧಗೊಳ್ಳುವುದು ಬೇರೆ, ಆರಂಭವಾಗುವುದು ಬೇರೆ, ಇವೆರಡರ ನಡುವೆ ಆಗುವ ದೈನಂದಿನ ಖರ್ಚನ್ನು ಆದಾಯದಿಂದ ಕಳೆಯಬಹುದು ಎಂದು ವೆಸ್ಟರ್ನ್ ಇಂಡಿಯಾ ವೆಜಿಟೇಬಲ್ ಪ್ರಾಡಕ್ಟ್ಸ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 1954ರಲ್ಲಿಯೇ ತೀರ್ಪು ಕೊಟ್ಟಿದೆ. ನಿಮ್ಮ ಗಾಣ ಅಕ್ಟೋಬರ್ 10ಕ್ಕೆ ಕೆಲಸಕ್ಕೆ ಸಿದ್ಧವಾಗಿತ್ತು. ಆದ್ದರಿಂದ ಅಂದಿನಿಂದ ಬಲಿಪಾಡ್ಯಮಿಯವರೆಗಿನ ಬಾಡಿಗೆ, ಕೂಲಿ, ವಿದ್ಯುತ್ ಬಿಲ್ಲು, ಪ್ರಚಾರದ ಖರ್ಚು ಎಲ್ಲವೂ ಸಲ್ಲುತ್ತವೆ. ಆ ದಿನಾಂಕಕ್ಕೆ ಪುರಾವೆ ಬೇಕು. ಗಾಣ ಜೋಡಿಸಿದವರು ಬರೆದುಕೊಟ್ಟ ಚೀಟಿ, ಆ ದಿನದ ಮೀಟರ್ ರೀಡಿಂಗಿನ ಫೋಟೋ, ಪರೀಕ್ಷೆಗೆ ಕೊಂಡ ಕೊಬ್ಬರಿಯ ಬಿಲ್ಲು, ಇವನ್ನು ಒಂದೇ ಕಡತದಲ್ಲಿ ಜೋಪಾನವಾಗಿಡಿ.

ಜುಲೈ 1ರಿಂದ ಅಕ್ಟೋಬರ್ 9ರವರೆಗಿನ ಬಾಡಿಗೆಯ ವಿಷಯದಲ್ಲಿ ಮಾತ್ರ ನಿಮಗೆ ನಷ್ಟವಿದೆ. ಗಾಣ ಜೋಡಿಸುವುದಕ್ಕೆ ನಿಜವಾಗಿ ಬೇಕಾದ ದಿನಗಳ ಬಾಡಿಗೆಯನ್ನು ಗಾಣದ ಬೆಲೆಗೆ ಸೇರಿಸಲು ಸಾಧ್ಯವೇ ಎಂದು ನಿಮ್ಮ ಆಡಿಟರನ್ನು ಕೇಳಿ. ಮಳಿಗೆ ಬರಿದೆ ಬೀಗ ಹಾಕಿಕೊಂಡಿದ್ದ ತಿಂಗಳುಗಳಿಗೆ ಆ ದಾರಿಯೂ ಇಲ್ಲ. ಅಡ್ವಾನ್ಸ್ ಹಣ ಮಾಲೀಕರಿಂದ ವಾಪಸು ಬರುವಂಥದ್ದು, ಅದು ಖರ್ಚೇ ಅಲ್ಲ.

ಗಾಣದ ಬೆಲೆಯನ್ನು ಒಂದೇ ವರ್ಷದಲ್ಲಿ ಕಳೆಯಲಾಗದು, ಸವಕಳಿಯ ರೂಪದಲ್ಲಿ ವರ್ಷವರ್ಷವೂ ಕಳೆಯಬೇಕು. ಸಾಗಣೆ, ಜೋಡಣೆ ಮತ್ತು ಗಾಣ ಬಳಕೆಗೆ ಬರುವ ಮುಂಚಿನ ಬಡ್ಡಿ ಮೂರೂ ಅದರ ಬೆಲೆಗೇ ಸೇರುವುದರಿಂದ ಒಟ್ಟು 3,60,000 ರೂಪಾಯಿ ಆಗುತ್ತದೆ. ಯಂತ್ರಕ್ಕೆ 15, ಪೀಠೋಪಕರಣಕ್ಕೆ 10, ಕಂಪ್ಯೂಟರಿಗೆ 40 ಪ್ರತಿಶತ ಸವಕಳಿ ಇದೆ. ಆದರೆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ ಹೊಸ ಆಸ್ತಿಗೆ ಇದರಲ್ಲಿ ಅರ್ಧ ಮಾತ್ರ. ಅಕ್ಟೋಬರ್ 10ರಿಂದ ಮಾರ್ಚ್ 31ರವರೆಗೆ ಎಣಿಸಿದರೆ 173 ದಿನ. ಒಂದು ವಾರ ಮೊದಲೇ ಗಾಣ ಓಡಿದ್ದರೆ ಪೂರ್ಣ ಸವಕಳಿ ಸಿಗುತ್ತಿತ್ತು ಎಂದು ಬರೆಯಲು ನನಗೂ ಬೇಸರವಾಗುತ್ತದೆ. ಅಕ್ಟೋಬರಿನಲ್ಲಿ ಯಂತ್ರ ಕೂರಿಸುವ ಎಷ್ಟೋ ಜನರಿಗೆ ಈ ಲೆಕ್ಕ ತಿಳಿದಿರುವುದಿಲ್ಲ. ಉಳಿದ ಎರಡೂ ಆಸ್ತಿಗಳು ಅಂದೇ ಬಳಕೆಗೆ ಬಂದಿದ್ದರೆ, ಈ ವರ್ಷ ಗಾಣಕ್ಕೆ 27,000, ಪೀಠೋಪಕರಣಕ್ಕೆ 2,000, ಕಂಪ್ಯೂಟರಿಗೆ 9,000, ಒಟ್ಟು 38,000 ರೂಪಾಯಿ ಕಳೆಯಬಹುದು. ಮಿಕ್ಕ ಬೆಲೆ ಎಲ್ಲೂ ಹೋಗುವುದಿಲ್ಲ; ಮುಂದಿನ ವರ್ಷಗಳ ಸವಕಳಿಯನ್ನು ಅದರ ಮೇಲೆಯೇ ಲೆಕ್ಕ ಹಾಕಲಾಗುತ್ತದೆ.

ಯೋಜನಾ ವರದಿಯ ಖರ್ಚು 35ಡಿ ಸೆಕ್ಷನ್ ಅಡಿ ಬರುತ್ತದೆ. ನಿಮ್ಮಂಥ ವೈಯಕ್ತಿಕ ಉದ್ಯಮಕ್ಕೆ ಸ್ಥಿರ ಆಸ್ತಿಗಳ, ಅಂದರೆ ಇಲ್ಲಿ ಗಾಣ, ಪೀಠೋಪಕರಣ ಮತ್ತು ಕಂಪ್ಯೂಟರಿನ, ಒಟ್ಟು ಬೆಲೆಯ 5 ಪ್ರತಿಶತ ಇದರ ಮಿತಿ. ನಿಮಗೆ ಅದು 22,250 ರೂಪಾಯಿ ಆಗುವುದರಿಂದ 12,000 ರೂಪಾಯಿ ಪೂರ್ತಿ ಸಲ್ಲುತ್ತದೆ. ಆದರೆ ಐದು ಸಮಾನ ಕಂತುಗಳಲ್ಲಿ, ವರ್ಷಕ್ಕೆ 2,400 ರೂಪಾಯಿಯಂತೆ. ಇದಕ್ಕಾಗಿ ಲೆಕ್ಕಪುಸ್ತಕಗಳ ಆಡಿಟ್ ಆಗಬೇಕು, ಪ್ರತ್ಯೇಕ ವಿವರಪಟ್ಟಿಯನ್ನೂ ಸಲ್ಲಿಸಬೇಕು. ಬೇರೆ ಕಾರಣಕ್ಕೆ ಆಡಿಟ್ ಮಾಡಿಸುತ್ತಿಲ್ಲವಾದರೆ ಇದನ್ನು ಕೈಬಿಡುವುದೇ ಲೇಸು, ಆಡಿಟ್ ಶುಲ್ಕವೇ ಉಳಿತಾಯಕ್ಕಿಂತ ಹೆಚ್ಚಾದೀತು.

ಹಣ ಪಾವತಿಸಿದ ಬಗೆಯನ್ನೂ ನೋಡಿಕೊಳ್ಳಿ. ಆಸ್ತಿ ಕೊಳ್ಳಲು ಒಬ್ಬರಿಗೆ ಒಂದೇ ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟಿದ್ದರೆ ಆ ಮೊತ್ತ ಆಸ್ತಿಯ ಬೆಲೆಗೆ ಸೇರುವುದಿಲ್ಲ. ದೈನಂದಿನ ಖರ್ಚಿಗೂ ಇದೇ ಮಿತಿ ಇದೆ. ಬೆಳೆಗಾರರಿಂದಲೇ ನೇರವಾಗಿ ಕೊಂಡ ಕೊಬ್ಬರಿಗೆ ಈ ನಿರ್ಬಂಧವಿಲ್ಲ, ಎ.ಪಿ.ಎಂ.ಸಿ. ಅಂಗಳದ ವರ್ತಕರಿಂದ ಕೊಂಡರೆ ಇದೆ.

ಸುಲಭವೆಂದು ಹಲವರು 44ಎಡಿ ಸೆಕ್ಷನ್ ಆರಿಸಿಕೊಳ್ಳುತ್ತಾರೆ. ಅದರಲ್ಲಿ ವಹಿವಾಟಿನ 8 ಪ್ರತಿಶತವನ್ನು, ಬ್ಯಾಂಕ್ ಮೂಲಕ ಬಂದ ಹಣಕ್ಕೆ 6 ಪ್ರತಿಶತವನ್ನು ಲಾಭವೆಂದು ತೋರಿಸಬೇಕು. ಮೇಲೆ ಹೇಳಿದ ಸವಕಳಿಯನ್ನಾಗಲಿ ಖರ್ಚನ್ನಾಗಲಿ ಪ್ರತ್ಯೇಕವಾಗಿ ಕಳೆಯುವಂತಿಲ್ಲ. ಮೊದಲ ವರ್ಷ ನಿಮಗೆ ನಿಜವಾಗಿ ನಷ್ಟವಾಗಿದ್ದರೆ ಈ ದಾರಿ ಹಿಡಿಯಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆ ಬೀಳುವುದಿಲ್ಲವೆಂದು ರಿಟರ್ನ್ಸ್ ಸಲ್ಲಿಸದೆ ಬಿಡಲೂ ಬೇಡಿ. ವ್ಯಾಪಾರದ ನಷ್ಟವನ್ನು ಮುಂದಿನ 8 ವರ್ಷಗಳ ಲಾಭದಲ್ಲಿ ಕಳೆದುಕೊಳ್ಳುವ ಹಕ್ಕು, ಗಡುವಿನೊಳಗೆ ರಿಟರ್ನ್ಸ್ ಸಲ್ಲಿಸಿದವರಿಗೆ ಮಾತ್ರ ಸಿಗುತ್ತದೆ.