ಮೂವತ್ತು ದಾಟಿ ಒಬ್ಬಳೇ ಇರುವ ಹೆಣ್ಣಿಗೆ ಜೀವನದಲ್ಲಿ ಮಜಾ ಅಂತ ಏನಿರುತ್ತೆ?

"ಮುಂದಿನ ತಿಂಗಳು ಮೂವತ್ತು ತುಂಬುತ್ತೆ. ಕೆಲಸ ಇದೆ, ಮದುವೆ ಆಗಿಲ್ಲ. ಎಲ್ಲ ಮುಗಿದುಹೋಯ್ತೇನೋ ಅನ್ನಿಸ್ತಿದೆ. ಇನ್ನು ಮುಂದೆ ಮಜಾ ಏನಾದ್ರೂ ಇರುತ್ತಾ?" ಅಂತ ಕೇಳಿದ್ದೀರಿ. ನನಗೀಗ ಮೂವತ್ನಾಲ್ಕು. ಹುಟ್ಟಿದ್ದು ಮಂಡ್ಯ ಹತ್ತಿರದ ಹಳ್ಳಿ, ಇರುವುದು ಮೈಸೂರು, ಕೆಲಸ ಆಡಿಟರ್ ಆಫೀಸಿನಲ್ಲಿ. ಮದುವೆ ಆಗಿಲ್ಲ. ಮುಂದೆ ಆಗಲ್ಲ ಅಂತ ಶಪಥವನ್ನೂ ಮಾಡಿಲ್ಲ. ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಒಳ್ಳೆ ಸುದ್ದಿ. ಮದುವೆ ಯಾವಾಗ ಅಂತ ಕೇಳಿ ಕೇಳಿ ಜನಕ್ಕೇ ಸುಸ್ತಾಗುತ್ತೆ.

ನೀವೀಗ ಇರುವುದು ಅತಿ ಕಷ್ಟದ ಕಾಲ. ಇಪ್ಪತ್ತೆಂಟು, ಇಪ್ಪತ್ತೊಂಬತ್ತರಲ್ಲಿ ಮದುವೆ ಮನೆಗೆ ಹೋದರೆ, ಪಂಕ್ತಿಯಲ್ಲಿ ಪಕ್ಕ ಕೂತವರು ಪಾಯಸ ಬರುವಷ್ಟರಲ್ಲಿ ಎರಡು ಗಂಡು ತೋರಿಸಿರುತ್ತಾರೆ. ಮೂವತ್ತಕ್ಕೆ ಅವರ ಮಾತಿನಲ್ಲಿ ಸ್ವಲ್ಪ ಕನಿಕರ ಸೇರಿಕೊಳ್ಳುತ್ತೆ. ಮೂವತ್ತೆರಡು ದಾಟಲಿ, ಎಲ್ಲರ ಕಣ್ಣೂ ನಿಮ್ಮ ಚಿಕ್ಕಪ್ಪನ ಮಗಳ ಕಡೆ ತಿರುಗುತ್ತೆ. ಪಾಪ ಅವಳು. ಆದರೆ ಆಗ ನಿಮಗೊಂದು ಖಾಲಿ ಜಾಗ ಸಿಗುತ್ತೆ ನೋಡಿ, ಮಜಾ ಎಲ್ಲ ಇರುವುದು ಅಲ್ಲೇ.

ನಮ್ಮ ಕಡೆ ಕೇಳುವವರು ಸ್ವಲ್ಪ ಜಾಸ್ತಿ, ಅದಕ್ಕೆ ಕಾರಣವೂ ಇದೆ. 2023ರ ಫೆಬ್ರವರಿಯಲ್ಲಿ ಹೆಣ್ಣು ಸಿಗಲಿ ಅಂತ ಮಂಡ್ಯದ ಕಡೆಯ ಗಂಡುಗಳು ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದುಕೊಂಡು ಹೋದರಲ್ಲ, ನೆನಪಿದೆಯಾ? ಬ್ರಹ್ಮಚಾರಿಗಳ ಪಾದಯಾತ್ರೆ ಅಂತಲೇ ಅದಕ್ಕೆ ಹೆಸರು. ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಹೊರಟಿದ್ದು, ನೂರು ಕಿಲೋಮೀಟರ್‌ಗೂ ಜಾಸ್ತಿ ದಾರಿ. ಅವತ್ತೇ ನಮ್ಮ ದೊಡ್ಡವ್ವನ ಫೋನ್ ಬಂತು.

"ನೋಡಮ್ಮಿ, ಅಲ್ಲಿ ಗಂಡೈಕ್ಳು ಹೆಣ್ಣಿಗೋಸ್ಕರ ಮಾದಪ್ಪನ ಬೆಟ್ಟಕ್ಕೆ ನಡ್ಕಂಡು ಓಯ್ತಾವ್ರೆ. ನೀನು ಮೈಸೂರಲ್ಲಿ ಆರಾಮಾಗಿ ಕುಂತಿದ್ದೀಯಲ್ಲ!"

"ನಾನೇನು ಬೆಟ್ಟದ ಮೇಲಿದ್ದೀನಾ ದೊಡ್ಡವ್ವ?" ಅಂದೆ.

ಆ ಹುಡುಗರನ್ನು ಕಂಡು ನಗುವವರ ಜೊತೆ ನಾನಂತೂ ಸೇರಲ್ಲ. ಅದರಲ್ಲಿ ಬಹಳ ಮಂದಿ ಜಮೀನು, ವಯಸ್ಸಾದ ಅಪ್ಪ-ಅಮ್ಮನನ್ನು ನೋಡಿಕೊಂಡು ಊರಲ್ಲೇ ಉಳಿದವರು. ಆದರೆ ಅದೇ ವರ್ಷದ ಕೊನೆಯಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಏನು ಸಿಕ್ಕಿತು? ಸ್ಕ್ಯಾನಿಂಗ್ ಯಂತ್ರ. ಬೆಲ್ಲ ಕಾಯಿಸುವ ಜಾಗದಲ್ಲಿ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಅಂತ ನೋಡಿ ಹೇಳುತ್ತಿದ್ದರು. ಲಿಂಗ ಪತ್ತೆ ಮಾಡಬಾರದು ಅಂತ 1994ರಲ್ಲೇ ಕಾನೂನು ಬಂದಿದೆ. ಹುಟ್ಟುವುದಕ್ಕೆ ಮುಂಚೆ ಬೇಡ ಅಂದುಬಿಟ್ಟು, ಇಪ್ಪತ್ತೈದು ವರ್ಷ ಆದಮೇಲೆ ಎಲ್ಲಿ ಅಂತ ಹುಡುಕಿದರೆ ಯಾರು ತಂದುಕೊಡಬೇಕು? ಇದನ್ನು ದೊಡ್ಡವ್ವನಿಗೂ ಹೇಳಿದೆ. "ಅದೇನೋ ದಿಟವೇ ಕಣಮ್ಮಿ" ಅಂದು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ಚಾಮುಂಡಿ ಬೆಟ್ಟದ ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಹಚ್ಚಿ ಬಾ, ಕಂಕಣ ಭಾಗ್ಯ ಕೂಡಿ ಬರುತ್ತೆ ಅಂದಳು.

ಸಾವಿರ ಮೆಟ್ಟಿಲು ಸ್ವಾಮಿ! ಬಗ್ಗಿ ಬಗ್ಗಿ ಹಚ್ಚಿದರೆ ಹಸೆಮಣೆ ಮೇಲೆ ಕೂರುವುದಕ್ಕೂ ಸೊಂಟ ಇರಲ್ಲ. ಬೆಟ್ಟವನ್ನೇನೋ ಹತ್ತುತ್ತೇನೆ, ಅದು ನಂದಿಯವರೆಗೆ. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಕೆತ್ತಿದ ಬಸವ. ಮುನ್ನೂರೈವತ್ತು ವರ್ಷದಿಂದ ಅಲ್ಲೇ ಕೂತಿದ್ದಾನೆ. ಯಾವಾಗ ಏಳ್ತೀಯಪ್ಪ ಅಂತ ಅವನನ್ನು ಒಬ್ಬರೂ ಕೇಳಿಲ್ಲ.

ಇರಲಿ, ಮಜಾ ವಿಷಯಕ್ಕೆ ಬರುತ್ತೇನೆ. ಮೂವತ್ತಾದ ಮೇಲೆ ಶುರು ಮಾಡಿದ್ದರಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಈಜು. ಸರಸ್ವತಿಪುರಂನಲ್ಲಿ ವಿಶ್ವವಿದ್ಯಾನಿಲಯದ ಈಜುಕೊಳ ಇದೆ. ಲೇಡೀಸ್ ಬ್ಯಾಚ್‌ಗೆ ಸೇರಿದೆ. ಮೊದಮೊದಲು ಕಂಬಿ ಹಿಡಿದು ಕಾಲು ಬಡಿಯುವುದಷ್ಟೇ. ಅಮ್ಮಂದಿರ ಜೊತೆ ಬಂದ ಪುಟ್ಟ ಪುಟ್ಟ ಹುಡುಗಿಯರು ಮೀನಿನ ಹಾಗೆ ಬಂದು "ಆಂಟಿ, ಸ್ವಲ್ಪ ಸೈಡ್" ಅಂತ ಹೋಗುತ್ತಿದ್ದರು. ಆಂಟಿ ಅನ್ನಿಸಿಕೊಂಡ ನೋವು ಮೂಗಿಗೆ ಕ್ಲೋರಿನ್ ನೀರು ಹೋದಾಗ ಮರೆತುಹೋಗುತ್ತೆ.

ನೀರಿನಲ್ಲಿ ಹೆದರಿದವರು ಮಾಡುವ ಮೊದಲ ಕೆಲಸ ತಲೆ ಎತ್ತುವುದು. ತಲೆ ಎತ್ತಿದರೆ ಕಾಲು ಮುಳುಗುತ್ತೆ. ಕಾಲು ಮುಳುಗಿತು ಅಂತ ಇನ್ನೂ ಹೆದರಿ ಇನ್ನೂ ತಲೆ ಎತ್ತುತ್ತೇವೆ. ಎದೆ ತುಂಬ ಉಸಿರು ಇದ್ದು, ಮುಖ ನೀರಿಗಿಟ್ಟು, ಮೈ ಸಡಿಲ ಬಿಟ್ಟರೆ ಸಾಕು, ಬಹಳ ಜನರ ದೇಹ ತಾನೇ ತೇಲುತ್ತೆ. ಇದು ತಲೆಗೆ ಒಂದೇ ದಿನದಲ್ಲಿ ಹೋಯಿತು. ಕತ್ತಿಗೆ ಇನ್ನೂ ಹೋಗಿಲ್ಲ.

ನಾನು ಈಗಲೂ ಚೆನ್ನಾಗಿ ಈಜಲ್ಲ. ಅದರಿಂದ ಯಾರಿಗೂ ಏನೂ ತೊಂದರೆ ಇಲ್ಲ ಅನ್ನುವುದೇ ನನಗೆ ಬಹಳ ಇಷ್ಟ. ಇಪ್ಪತ್ತರಲ್ಲಿ ಏನು ಕಲಿತರೂ ಯಾರಿಗೋ ತೋರಿಸಲಿಕ್ಕೆ ಇರುತ್ತಿತ್ತು. ಟ್ಯಾಲಿ ಕಲಿತಿದ್ದು ಕೆಲಸಕ್ಕೆ, ಕೇಕ್ ಕಲಿತಿದ್ದು ಮದುವೆ ಬಯೋಡೇಟಾಗೆ. ಕೇಕ್ ಚೆನ್ನಾಗೇ ಮಾಡುತ್ತೇನೆ, ಈಗ ನಾನೇ ತಿನ್ನುತ್ತೇನೆ.

ಇನ್ನೊಂದು, ಒಬ್ಬಳೇ ನಾಟಕಕ್ಕೆ ಹೋಗುವುದು. 1989ರಲ್ಲಿ ಬಿ.ವಿ. ಕಾರಂತರು ಶುರು ಮಾಡಿದ ರಂಗಾಯಣ ನಮ್ಮೂರಲ್ಲೇ ಇದೆ. ಜೊತೆಗೆ ಯಾರಾದರೂ ಬರಲಿ ಅಂತ ಕಾಯುತ್ತಿದ್ದಾಗ ನಾನು ನೋಡಿದ ನಾಟಕಗಳು ಬಹಳ ಕಡಿಮೆ. ಒಬ್ಬರು ಮಗುಗೆ ಜ್ವರ ಅನ್ನುತ್ತಾರೆ, ಇನ್ನೊಬ್ಬರು ಅತ್ತೆ ಬಂದಿದ್ದಾರೆ ಅನ್ನುತ್ತಾರೆ. ಈಗ ಆಫೀಸ್ ಮುಗಿಸಿ ಸ್ಕೂಟರ್ ಹತ್ತಿದರೆ ಸೀದಾ ರಂಗಾಯಣ ಇರುವ ಕಲಾಮಂದಿರದ ಆವರಣ. ಅಲ್ಲಿನ ಭೂಮಿಗೀತ ರಂಗಮಂದಿರ ತುಂಬಿದ್ದರೂ ನಡುವೆ ಎಲ್ಲೋ ಒಂದು ಸೀಟು ಖಾಲಿ ಇರುತ್ತೆ. ಜೋಡಿಯಾಗಿ ಬಂದವರಿಗೆ ಅದು ಸಿಗಲ್ಲ, ಅಲ್ವಾ? ಬಹುರೂಪಿ ನಾಟಕೋತ್ಸವ ನಡೆಯುವಾಗ ಅಲ್ಲಿನ ಊಟದ ಮಳಿಗೆ, ಪುಸ್ತಕದ ಮಳಿಗೆ ಸುತ್ತಿಕೊಂಡು ಭಾಷೆ ಬರದ ನಾಟಕವನ್ನೂ ನೋಡಿ ಬರುತ್ತೇನೆ. ಅರ್ಥ ಆಯ್ತಾ ಅಂತ ಕೇಳುವವರೂ ಇರಲ್ಲ.

ಕಷ್ಟ ಇಲ್ಲವಾ? ಇದೆ. ಒಬ್ಬಳೇ ಅಂದರೆ ಬಾಡಿಗೆ ಮನೆ ಬೇಗ ಸಿಗಲ್ಲ. ಮನೆ ತೋರಿಸುವುದಕ್ಕೆ ಮುಂಚೆ ರಾತ್ರಿ ಎಷ್ಟು ಗಂಟೆಗೆ ಬರ್ತೀರಿ ಅಂತ ಕೇಳುತ್ತಾರೆ. ಜ್ವರ ಬಂದ ದಿನ ಗಂಜಿಯನ್ನು ನಾವೇ ಕಾಯಿಸಿಕೊಳ್ಳಬೇಕು. ಭಾನುವಾರ ಸಂಜೆ ಕೆಲವೊಮ್ಮೆ ಬಹಳ ಉದ್ದ ಅನ್ನಿಸುತ್ತೆ. ಮದುವೆಯಾದ ನನ್ನ ಗೆಳತಿಗೂ ಭಾನುವಾರ ಸಂಜೆ ಹಾಗೇ ಅನ್ನಿಸುತ್ತಂತೆ. ಅವಳು ಫೋನ್ ಮಾಡುತ್ತಾಳೆ, ಇಬ್ಬರೂ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ಹಾಕಿ ಬರುತ್ತೇವೆ.

ಲೆಕ್ಕ ಬರೆಯುವವಳು ದುಡ್ಡಿನ ಮಾತಾಡದೆ ಹೋದರೆ ಹೇಗೆ? ಮನೆಯಲ್ಲಿ ಕೇಳದೆ ಖರ್ಚು ಮಾಡುವಷ್ಟು ದುಡ್ಡು ನಿಮ್ಮ ಹೆಸರಿನ ಖಾತೆಯಲ್ಲೇ ಇರಲಿ. ಆರೋಗ್ಯ ವಿಮೆಯನ್ನು ಈಗಲೇ ಮಾಡಿಸಿ, ವಯಸ್ಸಾದಷ್ಟೂ ಕಂತು ಏರುತ್ತೆ. ಇನ್ನೊಂದು ಮಾತು. ಊರಲ್ಲಿ ಅಣ್ಣತಮ್ಮಂದಿರು ಭಾಗ ಆಗುವಾಗ ಹೆಣ್ಣುಮಕ್ಕಳ ಮುಂದೆ ಹಕ್ಕು ಬಿಡುಗಡೆ ಪತ್ರ ಇಡುತ್ತಾರೆ. ಊಟ ಹಾಕಿ, ಸೀರೆ ಕೊಟ್ಟು, ಇಲ್ಲೊಂದು ಸೈನ್ ಹಾಕವ್ವ ಅನ್ನುತ್ತಾರೆ. ಸೀರೆ ತಗೊಳ್ಳಿ, ಪತ್ರ ಮಾತ್ರ ಓದಿ. ಹಿಂದೂ ಕೂಡು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ ಇಡೀ ದೇಶಕ್ಕೆ ಕಾನೂನು ಬಂದಿದ್ದು 2005ರಲ್ಲಿ. ಅಪ್ಪ ಆಗ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಾಲು ಬೇಕೋ ಬೇಡವೋ ನಿಮ್ಮಿಷ್ಟ. ಇದೆ ಅನ್ನುವುದು ಗೊತ್ತಿರಲಿ.

ಈಗ ನನ್ನ ಸ್ವಾತಂತ್ರ್ಯಕ್ಕೆ ಬಿದ್ದ ದೊಡ್ಡ ಪೆಟ್ಟಿನ ಕಥೆ ಕೇಳಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸೆಲ್ಲ ಫ್ರೀ. ಅಲ್ಲಿಯವರೆಗೆ ನಮ್ಮಮ್ಮ ಮೈಸೂರಿಗೆ ಬರಬೇಕಾದರೆ ಅಪ್ಪನ ಹತ್ತಿರ ಬಸ್‌ಚಾರ್ಜು ಕೇಳಬೇಕಿತ್ತು. ಕೇಳಿದರೆ ಯಾಕೆ ಅನ್ನುತ್ತಿದ್ದರು, ಅಲ್ಲಿಗೆ ಪ್ರಯಾಣ ಮುಗಿಯುತ್ತಿತ್ತು. ಈಗ ಆಧಾರ್ ಕಾರ್ಡ್ ಪರ್ಸಿಗೆ ಹಾಕಿಕೊಂಡು ಯಾವಾಗ ಬೇಕಾದರೂ ಬರುತ್ತಾಳೆ. ಫೋನ್ ಮಾಡಲ್ಲ. ನಾನು ರಜೆ ದಿನ ಹತ್ತು ಗಂಟೆವರೆಗೆ ಮಲಗೋಣ ಅಂತಿದ್ದರೆ ಬಾಗಿಲಲ್ಲಿ ಅಮ್ಮ, ಅವಳ ಕೈಚೀಲ, ಚೀಲದಲ್ಲಿ ಸೊಪ್ಪು. ಚಳಿಗಾಲ ಆದರೆ ಅವರೆಕಾಯಿ. ನಾನು ಕಣ್ಣುಜ್ಜಿಕೊಂಡು ಅವರೆಕಾಳು ಹಿತುಕುತ್ತಾ ಕೂರಬೇಕು. ಸಾಯಂಕಾಲ ಮುದ್ದೆ, ಹಿತಕಿದ ಬೇಳೆ ಸಾರು. ಪೆಟ್ಟು ಅಂದೆನಲ್ಲ, ಇಂಥ ಪೆಟ್ಟು.

ಹೋದ ಸಲ ಬಂದಾಗ ಈಜುಕೊಳಕ್ಕೂ ಬರುತ್ತೇನೆ ಅಂದಳು. ದಡದಲ್ಲಿ ಕೂರಿಸಿ ನೀರಿಗಿಳಿದೆ. ಅರ್ಧ ದಾರಿಗೆ ಎಂದಿನಂತೆ ನನ್ನ ತಲೆ ಮೇಲೆ ಬಂತು. ಕೋಚ್ ಬಾಯಿ ತೆಗೆಯುವಷ್ಟರಲ್ಲಿ ದಡದಿಂದ ಕೂಗು ಬಂತು. "ಕತ್ತೆತ್ತಬ್ಯಾಡ ಕಣಮ್ಮಿ! ಮಕ ನೀರಿಗ್ ಮಡುಗು!"

ಬ್ಯಾಚಿನವರೆಲ್ಲ ತಿರುಗಿ ನೋಡಿದರು. ನಾನೂ ನೋಡಿದೆ, ಮುಳುಗಿದೆ, ಎದ್ದೆ. ಆಮೇಲೆ ಗೊತ್ತಾಯಿತು, ಅಮ್ಮನ ತವರು ಇರುವುದು ವಿ.ಸಿ. ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆ ಪಕ್ಕ. ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ಊರಿನ ಮಕ್ಕಳ ಜೊತೆ ಅವಳೂ ನಾಲೆಗೆ ಹಾರುತ್ತಿದ್ದಳಂತೆ. ದೊಡ್ಡವಳಾದ ಮೇಲೆ ಮನೆಯವರು ನಿಲ್ಲಿಸಿದರು. ಆಮೇಲೆ ಮದುವೆ, ಗದ್ದೆ, ನಾವು. ಇಷ್ಟು ವರ್ಷದಲ್ಲಿ ಒಂದು ದಿನವೂ ನಮಗೆ ಹೇಳಿರಲಿಲ್ಲ. ಯಾಕೆ ಅಂದರೆ, "ನೀವ್ಯಾರು ಕೇಳಿದ್ರಿ?" ಅಂದಳು.

ಮನೆಗೆ ಬರುವಾಗ ಸ್ಕೂಟರ್ ಹಿಂದೆ ಕೂತು ಫೀಸ್ ಎಷ್ಟು ಅಂತ ಕೇಳಿದಳು. ಹೇಳಿದೆ. "ನೀರಿಗ್ ಬೀಳಕ್ಕೂ ಅಷ್ಟು ದುಡ್ಡಾ!" ಅಂದಳು. ಸಿಗ್ನಲ್ ದಾಟಿದ ಮೇಲೆ ಮತ್ತೆ ಕೇಳಿದಳು, "ಸೀರೇಲಿ ಬುಡ್ತಾರಾ?"

ಸೀರೆಯಲ್ಲಿ ಬಿಡಲ್ಲ. ಅರವತ್ತು ದಾಟಿದವರಿಗೆ ಮೈತುಂಬ ಇರುವಂಥ ಈಜುಡುಗೆ ಮೈಸೂರಿನಲ್ಲಿ ಎಲ್ಲಿ ಸಿಗುತ್ತೆ ಅಂತ ಗೊತ್ತಿರುವವರು ದಯವಿಟ್ಟು ಕೆಳಗೆ ಬರೆಯಿರಿ. ಬಣ್ಣ ಗಾಢವಾಗಿರಬೇಕಂತೆ.