ಸ್ಟೀಫನ್ ಫಾಸ್ಟರ್ ಕುರಿತ ವಾಕ್ಚಿತ್ರಗಳ ಬಗ್ಗೆ

ನಮಸ್ಕಾರ. ಅಮೆರಿಕದ ಗೀತರಚನೆಕಾರ ಸ್ಟೀಫನ್ ಫಾಸ್ಟರ್ ಅವರ ಬದುಕನ್ನು ತೆರೆಗೆ ತಂದ ಮೊದಲ ವಾಕ್ಚಿತ್ರ 1939ರ ‘ಸ್ವಾನೀ ರಿವರ್’ ತಾನೇ, ಅಂಥ ಚಿತ್ರಗಳ ಕಥೆಯನ್ನು ನಂಬಬಹುದೇ ಎಂದು ತಾವು ಕೇಳಿದ್ದೀರಿ. ಅದು ಮೊದಲನೆಯದಲ್ಲ, ನಾಲ್ಕು ವರ್ಷ ಮುಂಚೆಯೇ, 1935ರಲ್ಲಿ, ಮ್ಯಾಸ್ಕಾಟ್ ಸಂಸ್ಥೆಯ ‘ಹಾರ್ಮನಿ ಲೇನ್’ ಬಂದಿತ್ತು. ಜೋಸೆಫ್ ಸ್ಯಾಂಟ್ಲಿ ನಿರ್ದೇಶಿಸಿದ ಆ ಚಿತ್ರದಲ್ಲಿ ಡಗ್ಲಾಸ್ ಮಾಂಟ್ಗೊಮೆರಿ ಫಾಸ್ಟರ್ ಪಾತ್ರ ವಹಿಸಿದ್ದರು.

ಸೂಸನ್ ಎಂಬಾಕೆಯ ಮೇಲಿನ ಕೈಗೂಡದ ಪ್ರೇಮವನ್ನೇ ತಿರುಳಾಗಿಸಿಕೊಂಡ ಈ ಚಿತ್ರ, ಪತ್ನಿ ಜೇನ್ ಅವರನ್ನು ಗಂಡನ ಸಂಗೀತದ ಬೆಲೆ ಅರಿಯದವರಂತೆ ತೋರಿಸುತ್ತದೆ. 1854ರ ‘ಜೀನಿ’ ಹಾಡು ಹುಟ್ಟಿದ್ದು ಜೇನ್ ಅವರನ್ನು ನೆನೆದೇ ಆದ್ದರಿಂದ ಇದು ನನಗೆ ಅನ್ಯಾಯವೆನಿಸುತ್ತದೆ. ‘ಓಲ್ಡ್ ಫೋಕ್ಸ್ ಅಟ್ ಹೋಮ್’ ಹಾಡಿನಲ್ಲಿ ದಕ್ಷಿಣದ ಸ್ವಾನೀ ನದಿಯ ಹೆಸರನ್ನು ಅಮರಗೊಳಿಸಿದ ಕವಿ ಉತ್ತರದ ಪಿಟ್ಸ್‌ಬರ್ಗ್‌ನವರು. ಆ ಹೆಸರನ್ನು ಅವರು ಭೂಪಟದಿಂದ ಆರಿಸಿಕೊಂಡದ್ದು. 1851ರಲ್ಲಿ ಆ ಹಾಡು ಕ್ರಿಸ್ಟಿ ಎಂಬ ಗಾಯಕರ ಹೆಸರಿನಲ್ಲಿ ಅಚ್ಚಾಯಿತು, ಮರುವರ್ಷ ಫಾಸ್ಟರ್ ಪತ್ರ ಬರೆದು ತಮ್ಮ ಹೆಸರನ್ನು ಹಾಕಿಸಬೇಕೆಂದು ಕೇಳಿಕೊಳ್ಳಬೇಕಾಯಿತು. ನನ್ನ ಮಟ್ಟಿಗೆ ಅವರ ಬದುಕಿನ ನಿಜವಾದ ನೋವು ಇಲ್ಲಿದೆ. 1864ರ ಜನವರಿಯಲ್ಲಿ, 37ನೆಯ ವಯಸ್ಸಿಗೆ, ನ್ಯೂಯಾರ್ಕ್‌ನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡಾಗ ಕೈಚೀಲದಲ್ಲಿದ್ದದ್ದು 38 ಸೆಂಟ್‌ಗಳು.

ಬಿಳಿಯ ನಟರು ಮುಖಕ್ಕೆ ಕಪ್ಪು ಬಳಿದುಕೊಂಡು ಹಾಡುವ ದೃಶ್ಯಗಳು ಎರಡೂ ಚಿತ್ರಗಳಲ್ಲಿವೆ. ಅವನ್ನು ಇಂದು ನೋಡುವುದು ಕಷ್ಟವೇ, ಆದರೂ ಫಾಸ್ಟರ್ ಹಾಡುಗಳು ಮೊದಲು ಜನರನ್ನು ತಲುಪಿದ್ದು ಅಂಥದೇ ವೇದಿಕೆಗಳಿಂದ.