ಲಕ್ವಾ ಆದ ಅಜ್ಜ ತಾಟಿನ ಎಡಗಡೆ ಊಟ ಯಾಕೆ ಬಿಡ್ತಾರೆ? ಇಂಥದ್ದನ್ನು ಓದೋಕೆ ಏನು ಮಾಡಬೇಕು?

ಬಾಗಲಕೋಟೆಯ ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಅಜ್ಜ ಬಲಗಡೆಯ ರೊಟ್ಟಿ ತಿಂದು, ಎಡಗಡೆಯ ಎಣ್ಣೆಗಾಯಿ ಮುಟ್ಟುತ್ತಲೇ ಇರಲಿಲ್ಲ. 'ಪಲ್ಯ ಎಲ್ಲಿ?' ಅಂತ ಅವ್ವನ ಮೇಲೆ ಸಿಟ್ಟು ಬೇರೆ. ತಾಟು ತಿರುಗಿಸಿ ಇಟ್ಟರೆ ತಕ್ಷಣ ತಿನ್ನುತ್ತಿದ್ದರು! ಸಾಮಾನ್ಯವಾಗಿ ಮಿದುಳಿನ ಬಲಭಾಗಕ್ಕೆ ಪೆಟ್ಟಾದಾಗ, ಕಣ್ಣು ಸರಿ ಇದ್ದರೂ ಎಡಗಡೆಗೆ ಗಮನವೇ ಹೋಗೋದಿಲ್ಲ. ಇದಕ್ಕೆ ನೆಗ್ಲೆಕ್ಟ್ ಅಂತಾರೆ. ಹಟ ಅಲ್ಲ, ದಯವಿಟ್ಟು ಬೈಯಬೇಡಿ. ನೋಟದ ತೊಂದರೆಯೂ ಇರಬಹುದು, ಡಾಕ್ಟರಿಗೆ ತೋರಿಸಿ.

ಓದೋದಾದರೆ ಸೈಕಾಲಜಿಯಲ್ಲಿ ಪದವಿ, ಎಂ.ಎ. ಅಥವಾ ಎಂ.ಎಸ್ಸಿ., ಆಮೇಲೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ (ಭಾರತೀಯ ಪುನರ್ವಸತಿ ಪರಿಷತ್ತು) ಮಾನ್ಯತೆ ಇರುವ ಕ್ಲಿನಿಕಲ್ ಸೈಕಾಲಜಿ, ಅಂದರೆ ರೋಗಿಗಳ ಮನಸ್ಸಿನ ತೊಂದರೆ ಗುರುತಿಸಿ ನೆರವಾಗೋ ತರಬೇತಿ. ನಮಗೆ ಹತ್ತಿರ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಆದರೆ ನ್ಯೂರೋಸೈಕಾಲಜಿಯೇ (ಮಿದುಳಿಗೂ ನಮ್ಮ ಯೋಚನೆ, ವರ್ತನೆಗೂ ಇರೋ ನಂಟಿನ ಓದು) ಬೇಕು ಅಂದರೆ ನಾನು ಬೆಂಗಳೂರಿನ ನಿಮ್ಹಾನ್ಸ್ ಅಂತೀನಿ. ನೆನಪು, ಗಮನ, ಯೋಚನೆ ಅಳೆಯೋಕೆ 2004ರಲ್ಲಿ ನಮ್ಮ ಜನರಿಗಾಗಿಯೇ ಪರೀಕ್ಷೆಗಳನ್ನು ಹೊಂದಿಸಿದ್ದು ಅಲ್ಲೇ.